ಮೊದಲು ಹೋಗಿ ಕಾಯುವವರು

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಈಗ ಮೂವತ್ತೊಂಬತ್ತು. ಬಾಕ್ಸಿಂಗಿನಲ್ಲಿ ಅದು ಅಜ್ಜನ ವಯಸ್ಸು ಎಂದು ಯಾರಾದರೂ ಅಂದರೆ, "ಸರಿ ಬಿಡಿ, ಮೊಮ್ಮಕ್ಕಳನ್ನ ಒಬ್ಬೊಬ್ಬರಾಗಿ ಕಳ್ಸಿ" ಎನ್ನುತ್ತಾರೆ. ಒಂಬತ್ತು ವರ್ಷ ಪಟ್ಟ ಅವರ ಬಳಿಯೇ ಇತ್ತು. ಎಷ್ಟು ಹೊಡೆದರೂ ಅಲುಗುವ ಆಸಾಮಿಯಲ್ಲ ಎಂದು ಜನ ಅವರಿಗೆ 'ಗೋಡೆ' ಎಂದು ಹೆಸರಿಟ್ಟಿದ್ದರು. ಎರಡು ವರ್ಷದ ಹಿಂದೆ ಒಬ್ಬ ಎಡಚ ಆ ಪಟ್ಟ ಕಿತ್ತುಕೊಂಡ. ಮರುದಿನದ ಪೇಪರಿನಲ್ಲಿ 'ಗೋಡೆ ಕುಸಿಯಿತು' ಎಂದು ದಪ್ಪಕ್ಷರದಲ್ಲಿ ಬಂತು. ಭಾವ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದರು. ಫೋಟೊ ಚೆನ್ನಾಗಿ ಬಂದಿದೆಯಂತೆ.

ಅಯ್ಯೋ ಪಾಪ ಎನ್ನಲು ಮನೆಗೆ ಬಂದವರಿಗೆಲ್ಲ ಅಕ್ಕ ಟೀ ಕೊಟ್ಟು, "ಹೋಗಿದ್ದು ಪಟ್ಟ ಅಷ್ಟೇ, ಕೈಕಾಲೆಲ್ಲ ಇಲ್ಲೇ ಇದೆ" ಎಂದು ಹೇಳಿ ಕಳಿಸಿದಳು. ಅವಳು ಶಾಲೆಯ ಯೂನಿಫಾರ್ಮ್ ಹೊಲಿಯುವವಳು. ಮಾತೂ ಅಳತೆಗೆ ತಕ್ಕಂತೆ, ಒಂದಿಂಚು ಹೆಚ್ಚಿಲ್ಲ.

ಭಾವ ಮಾರನೇ ವಾರವೇ ಬೆಳಗ್ಗೆ ಐದೂವರೆಗೆ ಜಿಮ್ಮಿನ ಬೀಗ ತೆಗೆದರು. ಅದು ಮೊದಲು ಟೈರಿನ ಗೋದಾಮು. ಈಗಲೂ ಬೆವರಿನ ಜೊತೆ ರಬ್ಬರಿನ ವಾಸನೆ ಮೂಗಿಗೆ ಬಡಿಯುತ್ತದೆ. ತೂಗುಹಾಕಿದ ಮರಳುಚೀಲಕ್ಕೆ ನಾಲ್ಕು ಕಡೆ ಟೇಪು. ನಾನು ಕಟಿಂಗ್ ಶಾಪಿನವನು. ಕೂದಲು ಕತ್ತರಿಸುವುದು ಹೊಟ್ಟೆಪಾಡು. ಭಾವನ ಕೈಗೆ ಪಟ್ಟಿ ಸುತ್ತುವುದು, ಹುಬ್ಬು ಒಡೆದರೆ ರಕ್ತ ನಿಲ್ಲಿಸುವುದು ನನ್ನ ಹೆಮ್ಮೆ. ಹದಿನಾಲ್ಕು ವರ್ಷದಿಂದ ರಿಂಗಿನಲ್ಲಿ ಅವರ ಮೂಲೆಯಲ್ಲಿ ನಿಂತವನು ನಾನೊಬ್ಬನೇ.

ಆದರೆ ಸಂಘದ್ದೊಂದು ನಿಯಮವಿದೆ. ಮೂವತ್ತೈದು ದಾಟಿದವರು ಸಾಲಾಗಿ ಮೂರು ಪಂದ್ಯ ಸೋತರೆ ಆಡುವ ಪರವಾನಗಿ ರದ್ದು. ಪಟ್ಟ ಹೋದದ್ದು ಒಂದು, ಅದರ ಮೇಲೆ ಇನ್ನೊಂದು ಸೋತಿದ್ದಾಯಿತು. ಮೂರನೆಯದು ಇಪ್ಪತ್ಮೂರರ ಹುಡುಗನ ಜೊತೆ. ಅವನ ಕಾಲಿನ ಚುರುಕು ನೋಡಿದವರು ಅವನನ್ನು ಬುಗುರಿ ಎಂದು ಕರೆಯುತ್ತಿದ್ದರು. ಭಾವನಿಗಿಂತ ಮೇಲಿನ ಸ್ಥಾನದಲ್ಲಿದ್ದ. ಇಲ್ಲಿ ಸೋತರೆ ಮುಗಿಯಿತು.

"ಸೋತ್ರೆ ಏನ್ಮಾಡ್ತೀರಿ?" ಎಂದು ಅಕ್ಕ ಕೇಳಿದಳು.

"ಅದನ್ನ ಸೋತವನ ಹತ್ರ ಕೇಳ್ಬೇಕು" ಎಂದರು ಭಾವ.

ಇಲ್ಲಿ ನನ್ನ ಬುದ್ಧಿವಂತಿಕೆಯ ಕಥೆ ಹೇಳಲೇಬೇಕು. ರಿಂಗಿನಲ್ಲಿ ಒಂದು ಪದ್ಧತಿಯಿದೆ: ಕೆಳಗಿನ ಸ್ಥಾನದವನು ಮೊದಲು ಬಂದು ಕಾಯಬೇಕು, ಚಾಂಪಿಯನ್ ಕೊನೆಗೆ ಬರಬೇಕು. ಆ ಒಂಬತ್ತು ವರ್ಷ ನಾನು ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ವಾಚು ಹಿಡಿದು ನಿಂತು, "ಇನ್ನೆರಡು ನಿಮಿಷ ಭಾವ, ಇನ್ನೊಂದು ನಿಮಿಷ" ಎಂದು ತಡೆಯುತ್ತಿದ್ದೆ. ಅಲ್ಲಿ ಕಾಯುವವನ ಮೈ ತಣ್ಣಗಾಗಲಿ, ಧೈರ್ಯ ಸೋರಿಹೋಗಲಿ ಎಂದು. ಎಡಚನನ್ನಂತೂ ಹನ್ನೆರಡು ನಿಮಿಷ ಕಾಯಿಸಿದ್ದೆ. ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಈಗ ನಮ್ಮ ಸರದಿ. ಭಾನುವಾರ ಮಧ್ಯಾಹ್ನ, ನಾವು ಮೊದಲು ಹೋದೆವು. ಬುಗುರಿಯ ಕಡೆಯವರೂ ಕಮ್ಮಿಯಲ್ಲ, ಬಾಗಿಲು ಹಾಕಿಕೊಂಡು ಕೂತರು. ಐದು ನಿಮಿಷ, ಎಂಟು ನಿಮಿಷ. ಜನ ಶಿಳ್ಳೆ ಹೊಡೆದರು. ನನಗೆ ಪಿತ್ತ ನೆತ್ತಿಗೇರಿತು.

"ಏನು ಕೊಬ್ಬು ನೋಡಿ ಭಾವ ಇವರಿಗೆ!"

"ನಾವು ಕಲಿಸಿದ್ದೇ ಅಲ್ವೇನೋ" ಎಂದು ಭಾವ ನಕ್ಕರು.

ಮೈ ಆರದಿರಲಿ ಎಂದು ಅವರು ಹಗ್ಗದ ಗುಂಟ ಸುತ್ತತೊಡಗಿದರು. ಎರಡನೇ ಸುತ್ತಿಗೆ ಎದುರು ಮೂಲೆಯ ಹತ್ತಿರ ನಿಂತರು. ಹಿಂದೆ ಹೋಗಿ ಮತ್ತೆ ಅಲ್ಲಿಯೇ ಕಾಲಿಟ್ಟರು. ಆಮೇಲೆ ರಿಂಗಿನ ಉದ್ದಗಲ, ಮನೆ ಬಾಡಿಗೆಗೆ ನೋಡಲು ಬಂದವರಂತೆ, ಒಂದು ಗೇಣೂ ಬಿಡದೆ ನಡೆದರು. ನನ್ನ ಬಳಿ ಬಂದು ಬಗ್ಗಿದರು.

"ಅಲ್ಲಿ ಕ್ಯಾನ್ವಾಸಿನ ಕೆಳಗೆ ಮೆತ್ತೆ ಸರಿಯಾಗಿ ಕೂತಿಲ್ಲ. ಕಾಲು ಸ್ವಲ್ಪ ಹೂತ್ಕೊಳ್ಳುತ್ತೆ. ಎರಡು ಹೆಜ್ಜೆಯಷ್ಟು ಜಾಗ."

"ಹುಷಾರು, ಆ ಕಡೆ ಹೋಗ್ಬೇಡಿ."

"ನಾನ್ಯಾಕೆ ಹೋಗ್ಲಿ?" ಎಂದವರು ತಟ್ಟನೆ ಆ ಮೂಲೆಯತ್ತ ಇನ್ನೊಮ್ಮೆ ನೋಡಿದರು. ಆಮೇಲೆ ಕೇಳಿದರು, "ಆವತ್ತು ಆ ಎಡಚನ್ನ ಎಷ್ಟು ಹೊತ್ತು ಕಾಯಿಸಿದ್ದೆ?"

"ಹನ್ನೆರಡು ನಿಮಿಷ."

"ಅಷ್ಟು ಹೊತ್ತಲ್ಲಿ ಅವನೂ ಹೀಗೇ ನಡೆದು ಇಂಥದ್ದೊಂದು ಜಾಗ ಹುಡುಕಿರ್ತಾನೆ. ಅದಕ್ಕೇ ನನ್ನನ್ನ ಒಂದೇ ಕಡೆಗೆ ತಳ್ತಿದ್ದ. ಅಲ್ಲಿಗೆ ಹೋದಾಗೆಲ್ಲ ಕಾಲು ಭಾರ ಆಗೋದು. ವಯಸ್ಸಾಯ್ತು ಅಂದ್ಕೊಂಡಿದ್ದೆ ಕಣೋ."

ನನಗೆ ನಿಂತ ನೆಲ ಬಾಯಿಬಿಡಬಾರದೇ ಎನಿಸಿತು. ಒಂಬತ್ತು ವರ್ಷದ ಪಟ್ಟವನ್ನು ನನ್ನ ಕೈಯಾರೆ, ವಾಚು ನೋಡಿಕೊಂಡು, ಬೇರೆಯವರಿಗೆ ಕೊಟ್ಟಿದ್ದೆ. ಭಾವನ ಮುಖ ನೋಡಿದರೆ ಅಲ್ಲಿ ಸಿಟ್ಟೇ ಇಲ್ಲ! ಎರಡು ವರ್ಷದ ಹೊರೆ ಇಳಿಸಿಟ್ಟವರ ಹಾಗೆ ಭುಜ ಕುಣಿಸುತ್ತಿದ್ದರು.

"ವಯಸ್ಸಲ್ಲ ಕಣೋ. ನೆಲ!" ಎಂದರು.

ಬುಗುರಿ ಹದಿನಾಲ್ಕನೇ ನಿಮಿಷಕ್ಕೆ ಹಾಡು ಹಾಕಿಸಿಕೊಂಡು ಬಂದ. ಎಂಟು ಸುತ್ತಿನ ಪಂದ್ಯ. ಮೊದಲ ಎರಡು ಸುತ್ತು ಅವನದೇ, ಸುಳ್ಳು ಹೇಳುವುದಿಲ್ಲ. ಮೂರನೆಯದರಿಂದ ಭಾವ ಅವನನ್ನು ಕುರಿ ಅಟ್ಟುವಂತೆ ನಿಧಾನವಾಗಿ ಆ ಮೂಲೆಗೆ ಅಟ್ಟಿದರು. ಅಲ್ಲಿ ಆ ಚುರುಕು ಕಾಲು ಒಂದು ಕ್ಷಣ ತಡವಾಗುತ್ತಿತ್ತು. ಅಷ್ಟರಲ್ಲಿ ಭಾವನ ಬಲಗೈ ಅವನ ಪಕ್ಕೆಲುಬಿನ ಕ್ಷೇಮ ವಿಚಾರಿಸಿರುತ್ತಿತ್ತು. ಐದನೇ ಸುತ್ತಿನಲ್ಲಿ ಭಾವನ ಹುಬ್ಬು ಒಡೆಯಿತು. ಒಂದು ನಿಮಿಷದ ಬಿಡುವಿನಲ್ಲಿ ರಕ್ತ ನಿಲ್ಲಿಸಿದೆ. ಆವತ್ತು ಅದೂ ಆಗದಿದ್ದರೆ ನನ್ನನ್ನು ನಾನೇ ಕ್ಷಮಿಸುತ್ತಿರಲಿಲ್ಲ.

ತೀರ್ಪುಗಾರರು ಮೂವರು. ಮೊದಲನೆಯವರು ಭಾವನಿಗೆ ಕೊಟ್ಟರು, ಎರಡನೆಯವರು ಬುಗುರಿಗೆ. ಮೂರನೆಯವರ ಚೀಟಿ ಓದುವ ಮುಂಚೆ ಫಲಿತಾಂಶ ಸಾರುತ್ತಿದ್ದ ಪುಣ್ಯಾತ್ಮ ಕನ್ನಡಕ ಒರೆಸಿಕೊಂಡ. ಮೂರನೇ ಸಾಲಿನಲ್ಲಿದ್ದ ಅಕ್ಕ, ಎಂದೂ ಕೂಗದವಳು, "ಬೇಗ ಓದ್ರೀ!" ಎಂದು ಕೂಗಿದಳು. ಭಾವ ಗೆದ್ದಿದ್ದರು. ನಾನು ಅತ್ತುಬಿಟ್ಟೆ. ನಾಚಿಕೆಯೇನೂ ಇಲ್ಲ.

ಸಂಘದ ಕಾರ್ಯದರ್ಶಿ ಡ್ರೆಸ್ಸಿಂಗ್ ರೂಮಿಗೇ ಬಂದು ಪರವಾನಗಿಗೆ ಸಹಿ ಹಾಕಿ, "ಒಂದು ವರ್ಷಕ್ಕೆ" ಎಂದರು. ಭಾವ ಅದನ್ನು ಅಕ್ಕನ ಕೈಗೆ ಕೊಟ್ಟರು. ಅವಳು ಎರಡು ಸಲ ಓದಿ ಬ್ಯಾಗಿನೊಳಗಿಟ್ಟು ಜಿಪ್ ಎಳೆದಳು.

ಸ್ವಲ್ಪ ಹೊತ್ತಿಗೆ ಬುಗುರಿಯೇ ಬಂದ, ಪಕ್ಕೆ ಹಿಡಿದುಕೊಂಡು. "ಅಣ್ಣ, ಆ ಮೂಲೇಲಿ ನನಗೇನಾಯ್ತು? ಕಾಲೇ ಬರ್ತಿರ್ಲಿಲ್ಲ."

ನಾನು ಕೆಮ್ಮಿದೆ, ಕಣ್ಣು ಸನ್ನೆ ಮಾಡಿದೆ. ಭಾವ ಕ್ಯಾರೇ ಅನ್ನಲಿಲ್ಲ. ಅವನನ್ನು ಬೆಂಚಿನ ಮೇಲೆ ಕೂರಿಸಿ, ಮೆತ್ತೆಯಿಂದ ಹಿಡಿದು ನನ್ನ ವಾಚಿನವರೆಗೆ ಎಲ್ಲವನ್ನೂ ಬಿಡಿಸಿ ಹೇಳಿಬಿಟ್ಟರು.

"ಯಾಕೆ ಹೇಳಿದ್ರಿ ಭಾವ? ನಾಳೆ ಇವನೇ ಮತ್ತೆ ಎದುರು ನಿಲ್ತಾನೆ!" ಎಂದೆ.

"ನಿಲ್ಲಲಿ ಅಂತಾನೇ ಹೇಳಿದ್ದು. ಯಾರೂ ನಿಲ್ಲದಿದ್ರೆ ನಾನು ಯಾರ ಜೊತೆ ಆಡ್ಲಿ?"

ಬುಗುರಿ ಎದ್ದು ಕೈ ಮುಂದೆ ಚಾಚಿದ. "ಹಾಗಾದ್ರೆ ಮುಂದಿನ ಸಲ ನಾನೇ ಮೊದಲು ಬಂದು ಕಾಯ್ತೀನಣ್ಣ."

"ಬಾಪ್ಪಾ, ಧಾರಾಳವಾಗಿ ಬಾ" ಎಂದು ಭಾವ ಅವನ ಕೈ ಕುಲುಕಿದರು. "ಕೊನೆಗೆ ಬಂದವನನ್ನೇ ಜನ ಚಾಂಪಿಯನ್ ಅಂದ್ಕೊಳ್ತಾರೆ. ನನ್ನದೇನೂ ಅಭ್ಯಂತರ ಇಲ್ಲ."