ಸಡಿಲವಾಗಬಾರದ ಮುಖವಾಡ

ಸೋಮವಾರ ಬೆಳಗ್ಗೆ ನರಸಿಂಹರಾಜಪುರ ಬಿಟ್ಟಾಗ ಜೀಪಿನಲ್ಲಿ ಮೂವರಿದ್ದೆವು: ಓಡಿಸುವ ಗೆಳೆಯ ಹಮೀದ್, ಗಂಜಿಯ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡ ಹೆಂಡತಿ ಸುಮಿತ್ರಾ, ಚಿಕಿತ್ಸೆಗೆ ಇನ್ನು ಹೋಗುವುದೇ ಇಲ್ಲವೆಂದು ಹಿಂದಿನ ದಿನವೆಲ್ಲ ಹಟ ಹಿಡಿದಿದ್ದ ನಾನು. ಗಂಟಲಿನ ಕ್ಯಾನ್ಸರ್ ಕುತ್ತಿಗೆಗೂ ಹಬ್ಬಿದ್ದರಿಂದ ಕರಾವಳಿಯ ಆಸ್ಪತ್ರೆಯಲ್ಲಿ ರೇಡಿಯೇಷನ್, ಕೀಮೋ ಎರಡನ್ನೂ ಜೊತೆಯಲ್ಲೇ ಕೊಡುತ್ತಿದ್ದರು. ಇನ್ನೊಂದೇ ವಾರ ಬಾಕಿ. ಬಾಯಿತುಂಬ ಹುಣ್ಣು, ನೀರು ನುಂಗಿದರೂ ಕೆಂಡ ನುಂಗಿದ ಹಾಗೆ.

ರೇಡಿಯೇಷನ್ ಕೊಡುವಾಗ ತಲೆ ಅಲುಗದಂತೆ, ಮುಖದ ಅಳತೆಗೇ ಮಾಡಿದ ಜಾಲರಿಯ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಾರೆ. ನಾನು ಇನ್ನೂ ಸೊರಗಿದರೆ ಅದು ಸಡಿಲವಾಗುತ್ತದೆ, ಹೊಸದು ಮಾಡುವವರೆಗೆ ಚಿಕಿತ್ಸೆ ನಿಲ್ಲುತ್ತದೆ, ಹಾಗೆ ನಡುವೆ ನಿಲ್ಲಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ನಾನು ದರ್ಜಿ. ಸಡಿಲ ಅಂಗಿಗೆ ಇನ್ನೊಂದು ಹೊಲಿಗೆ ಹಾಕಿ ಕೊಟ್ಟೇನು. ಇದಕ್ಕೆ ಹೊಲಿಗೆ ಹಾಕುವಂತಿಲ್ಲ.

ಕೊಪ್ಪದಲ್ಲಿ ಹಮೀದ್ ಚಹಾ ಕುಡಿದ. ಶೃಂಗೇರಿ ದಾಟುವಾಗ ಸುಮಿತ್ರಾ ಫ್ಲಾಸ್ಕ್ ತೆರೆದಳು. ನಾನು ಮುಖ ತಿರುಗಿಸಿದೆ.

"ನಿನ್ನ ಹಟಕ್ಕೆ ಬ್ರೇಕೇ ಇಲ್ವಲ್ಲ ಮಾರಾಯ," ಎಂದ ಹಮೀದ್.

ಕೆರೆಕಟ್ಟೆಯಲ್ಲಿ ಸುಮಿತ್ರಾಳ ಚಿಕ್ಕಮ್ಮನ ಮನೆ ರಸ್ತೆಯ ಪಕ್ಕದಲ್ಲೇ ಇದೆ. ಒಳಗೆ ಕಾಲಿಡದೆ ಮುಂದೆ ಹೋದರೆ ವರ್ಷಗಟ್ಟಲೆ ಮಾತು ಕೇಳಬೇಕು. ಸಕ್ಕರೆ ಕಾಯಿಲೆಯ ಆ ಮುದುಕಿ ನಾವು ಬರುತ್ತೇವೆಂದು ತಿಂಡಿ ಮುಟ್ಟದೆ ಕಾಯುತ್ತಿದ್ದರು. ಬಂದವರಿಗಿಂತ ಮೊದಲು ತಾವು ಉಂಡವರೇ ಅಲ್ಲ ಅವರು. ತುಪ್ಪ ಹಾಕಿದ ತೆಳು ಗಂಜಿಯನ್ನು ನನ್ನ ಮುಂದಿಟ್ಟು ಎದುರೇ ಕುಳಿತರು.

"ನೀವು ಕುಡೀರಿ, ಆಮೇಲೆ ನಾನು. ಗಡಿಬಿಡಿ ಎಂತದೂ ಇಲ್ಲ."

ಹಸಿವಿಗೆ ಸಕ್ಕರೆ ಇಳಿದು ಅವರ ಕೈ ಆಗಲೇ ನಡುಗುತ್ತಿತ್ತು. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಚಮಚ ಎತ್ತಿಕೊಂಡೆ. ಕಣ್ಣಲ್ಲಿ ನೀರು ಸುರಿದರೂ ಬಟ್ಟಲು ಖಾಲಿಯಾಗುವವರೆಗೆ ಬಿಡಲಿಲ್ಲ.

ಅದರ ಹಿಂದೆಯೇ ಬಂತು ಎಲೆಯಡಿಕೆ ತಟ್ಟೆ!

"ಹೊಗೆಸೊಪ್ಪು ಇಲ್ಲ, ಬರೀ ಅಡಿಕೆ. ಅದೆಂತ ಮಾಡತ್ತೆ?" ಎಂದರು ಚಿಕ್ಕಮ್ಮ.

ನಾನೂ ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ಡಾಕ್ಟರು ಹೇಳಿದ ಮೇಲೆಯೇ ಗೊತ್ತಾದದ್ದು. ತಟ್ಟೆಯನ್ನು ಸರಿಸಿದೆ. ಬಾಯಿಗೆ ಹಾಕಲು ಹೊರಟಿದ್ದ ಹೋಳನ್ನು ಹಮೀದನೂ ಮೆಲ್ಲಗೆ ತಟ್ಟೆಗೇ ಹಾಕಿದ.

ಘಟ್ಟ ಇಳಿಯುವಾಗ ಫ್ಲಾಸ್ಕಿಗೆ ನಾನೇ ಕೈ ಚಾಚಿದೆ. ಸುಮಿತ್ರಾ ಮುಚ್ಚಳ ಬಿಚ್ಚಿಕೊಟ್ಟಳು. ಸಂಜೆ ಕೀಮೋ ಸೂಜಿ ಕೈಯಲ್ಲಿದ್ದಾಗಲೂ ಇನ್ನೊಂದು ಲೋಟ ಕುಡಿದೆ. ವಾರವಿಡೀ ಬಯ್ದುಕೊಳ್ಳುತ್ತಲೇ ಕುಡಿದೆ, ಒಂದು ಹೊತ್ತೂ ತಪ್ಪಿಸಲಿಲ್ಲ.

ಶುಕ್ರವಾರ ಕೊನೆಯ ಸಲ ಆ ಮೇಜಿನ ಮೇಲೆ ಮಲಗಿದೆ. ಮುಖವಾಡ ಇಳಿಸಿ ಬಿಗಿದರು. ಅದು ಮೂಗನ್ನು, ಗಲ್ಲವನ್ನು ಒತ್ತಿ ಚೆನ್ನಾಗಿಯೇ ನೋಯಿಸಿತು. ಫಿಟಿಂಗ್ ಸರಿಯಾಗಿತ್ತು.