ಎರಡು ತಾಲೂಕಿಗೂ ಸೇರದ ನಾಲ್ಕೂವರೆ ಎಕರೆ

೨೦೦೪ರಲ್ಲಿ ನಾನು ಅರಸೀಕೆರೆ ತಾಲೂಕಿನಲ್ಲಿ ಸರ್ವೇಯರ್ ಆಗಿದ್ದೆ. ಜಾವಗಲ್ ಹೋಬಳಿ ನನ್ನ ಪಾಲಿಗೆ ಬಂದು ಐದು ವರ್ಷವಾಗಿತ್ತು. ಅಲ್ಲಿ ಯಾವ ಬದು ಎಲ್ಲಿ ತಿರುಗುತ್ತದೆ ಎಂಬುದು ಕಣ್ಣು ಮುಚ್ಚಿದರೂ ನನಗೆ ಗೊತ್ತು ಎಂದು ಬೀಗುತ್ತಿದ್ದೆ. ಅಳತೆಯ ವಿಷಯದಲ್ಲಿ ಯಾರಾದರೂ ಎದುರು ಮಾತಾಡಿದರೆ ಸರಪಳಿಯನ್ನು ಅವರ ಕೈಗೇ ಕೊಟ್ಟು, "ತಗೊಳ್ಳಿ, ನೀವೇ ಅಳೀರಿ" ಎನ್ನುತ್ತಿದ್ದೆ. ಕೆಲಸ ಬಲ್ಲವನ ಕೊಬ್ಬು ಅದು. ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆ ವರ್ಷ ಜಾವಗಲ್ಲಿಗೂ ಹಳೇಬೀಡಿಗೂ ನಡುವೆ ಹಾಯುವ ಗುಡ್ಡಸಾಲಿನ ಮೇಲೆ ಹದಿನಾಲ್ಕು ಗಾಳಿಯಂತ್ರ ನಿಲ್ಲಿಸಲು ಒಂದು ಖಾಸಗಿ ಕಂಪನಿ ಅರ್ಜಿ ಹಾಕಿತ್ತು. ನಮ್ಮ ಕಡೆ ಅಷ್ಟು ದೊಡ್ಡ ಯೋಜನೆ ಅದೇ ಮೊದಲು. ಗಾಳಿಯಿಂದ ಕರೆಂಟು ತೆಗೆಯಲು ಗಾಳಿ ಇದ್ದರೆ ಸಾಕು ಎಂದುಕೊಂಡವರೇ ಹೆಚ್ಚು. ಗಾಳಿಗಿಂತ ಜಾಸ್ತಿ ಬೇಕಾದದ್ದು ಕಾಗದ. ಮೊದಲು ಗುಡ್ಡದ ಮೇಲೆ ಕಂಬ ನೆಟ್ಟು ವರ್ಷಗಟ್ಟಲೆ ಗಾಳಿಯ ವೇಗ ಅಳೆಯಬೇಕು. ಇಷ್ಟು ಮೆಗಾವ್ಯಾಟ್ ಮಾಡಿಕೊಳ್ಳಿ ಎಂದು ಸರ್ಕಾರ ಆದೇಶ ಕೊಡಬೇಕು. ಇದು ಕಾಡಲ್ಲ ಎಂದು ಅರಣ್ಯದವರು ಹೇಳಬೇಕು, ಅಭ್ಯಂತರವಿಲ್ಲ ಎಂದು ಪಂಚಾಯಿತಿ ಬರೆದುಕೊಡಬೇಕು, ತಂತಿ ಯಾವ ಸ್ಟೇಷನ್ನಿಗೆ ಎಳೆಯುವುದೆಂದು ವಿದ್ಯುತ್ ಇಲಾಖೆ ಒಪ್ಪಬೇಕು. ಇಷ್ಟೆಲ್ಲ ಆದ ಮೇಲೆ ಜಿಲ್ಲಾಧಿಕಾರಿಗಳು ಸರ್ಕಾರಿ ಜಮೀನನ್ನು ಗುತ್ತಿಗೆಗೆ ಕೊಡಬೇಕು. ಎಲ್ಲದರ ಅಡಿಯಲ್ಲಿ ಇರುವುದು ಮಾತ್ರ ಒಂದೇ ಹಾಳೆ: ಎಷ್ಟನೇ ಯಂತ್ರ ಯಾವ ಸರ್ವೆ ನಂಬರಿನಲ್ಲಿ ಬರುತ್ತದೆ ಎಂದು ಸರ್ವೇಯರ್ ಬರೆದ ನಕ್ಷೆ. ಅದರಲ್ಲಿ ಒಂದು ಗೆರೆ ಅಲುಗಿದರೆ ಬೆಂಗಳೂರಿನಲ್ಲಿ ಫೈಲು ಅಲುಗುವುದಿಲ್ಲ.

ಅಲುಗಿದ್ದು ಒಂಬತ್ತನೇ ಯಂತ್ರದ ಹತ್ತಿರ. ಗುಡ್ಡದ ನೆತ್ತಿಯ ಆಸುಪಾಸಿನಲ್ಲೇ ಎರಡು ತಾಲೂಕಿನ ಗಡಿ. ಉತ್ತರಕ್ಕೆ ನಮ್ಮ ಅರಸೀಕೆರೆ, ದಕ್ಷಿಣಕ್ಕೆ ಬೇಲೂರು. ಕಂಪನಿಯ ಎಂಜಿನಿಯರ್ ಪ್ರಸಾದ್ ಎಂಬ ಯುವಕ ಎರಡೂ ಕಡೆಯ ಗ್ರಾಮ ನಕ್ಷೆಗಳನ್ನು ಒಂದಕ್ಕೊಂದು ಜೋಡಿಸಲು ಹೋದರೆ ಅಂಚಿಗೆ ಅಂಚು ಕೂಡಲೇ ಇಲ್ಲ. ನಮ್ಮ ನಕ್ಷೆ ನೆತ್ತಿಯ ಬಂಡೆಸಾಲಿಗೆ ನಿಂತಿತ್ತು. ಬೇಲೂರಿನದು ಅದರಾಚೆಯ ಇಳಿಜಾರಿಗೆ ನಿಂತಿತ್ತು. ನಡುವೆ ಇಪ್ಪತ್ತು ಸರಪಳಿ ಉದ್ದ, ಒಂಬತ್ತು ಸರಪಳಿ ಅಗಲದ ಪಟ್ಟಿಯೊಂದು ಯಾರ ನಕ್ಷೆಯಲ್ಲೂ ಇಲ್ಲದೆ ಉಳಿದಿತ್ತು. ನಮ್ಮ ಸರಪಳಿ ಮೂವತ್ತಮೂರು ಅಡಿ. ಒಂದು ಸರಪಳಿ ಚೌಕವೆಂದರೆ ಒಂದು ಗುಂಟೆ. ಹಾಗೆ ಲೆಕ್ಕ ಹಾಕಿದರೆ ನಾಲ್ಕು ಎಕರೆ ಇಪ್ಪತ್ತು ಗುಂಟೆ. ಕ್ರೇನ್ ಹೋಗುವ ದಾರಿಯೂ ಅದರ ಮೇಲೆಯೇ ಬರುತ್ತಿದ್ದರಿಂದ ಇದು ಇತ್ಯರ್ಥವಾಗದೆ ಹದಿನಾಲ್ಕು ಯಂತ್ರಕ್ಕೂ ಮಂಜೂರಾತಿ ಇಲ್ಲ.

"ಸರ್, ನಮ್ಮ ಜಿ.ಪಿ.ಎಸ್.ನಲ್ಲಿ ಎಲ್ಲಾ ಪಾಯಿಂಟೂ ಪಕ್ಕಾ ಇದೆ" ಎಂದ ಪ್ರಸಾದ್.

"ಅದು ಅಕ್ಷಾಂಶ ಹೇಳುತ್ತೆ ಕಣಪ್ಪ, ತಾಲೂಕು ಹೇಳುತ್ತಾ?" ಎಂದೆ.

ಜಿಲ್ಲಾಧಿಕಾರಿಗಳು ಜಂಟಿ ಅಳತೆಗೆ ಆದೇಶಿಸಿದರು. ನವೆಂಬರಿನ ಒಂದು ಬೆಳಿಗ್ಗೆ ನಾನು, ಬೇಲೂರು ಕಡೆಯ ಸರ್ವೇಯರ್ ನಾಗರಾಜು, ಪ್ರಸಾದ್, ಸರಪಳಿ ಹಿಡಿಯುವ ಇಬ್ಬರು ಆಳು, ಇಷ್ಟು ಜನ ಗುಡ್ಡ ಹತ್ತಿದೆವು. ಎರಡೂ ಗ್ರಾಮಗಳ ಹಳೆಯ ಟಿಪ್ಪಣಿ, ಅಂದರೆ ಮೊದಲ ಅಳತೆಯ ಪುಸ್ತಕದಲ್ಲಿ, ನೆತ್ತಿಯ ಹತ್ತಿರ ಒಂದು ಬಾಂದುಕಲ್ಲು ನಮೂದಾಗಿತ್ತು. ಆ ಗಡಿಕಲ್ಲು ಪಟ್ಟಿಯ ಉತ್ತರದ ಅಂಚಿನಲ್ಲಿ ಸಿಕ್ಕರೆ ಜಮೀನು ಬೇಲೂರಿನದು, ದಕ್ಷಿಣದ ಅಂಚಿನಲ್ಲಿ ಸಿಕ್ಕರೆ ನಮ್ಮದು. ಮಧ್ಯಾಹ್ನದವರೆಗೆ ಪೊದೆ ಪೊದೆ ಕೆದಕಿದರೂ ಕಲ್ಲಿನ ಸುಳಿವಿಲ್ಲ.

ಅಷ್ಟು ಹೊತ್ತಿಗೆ ಪಟ್ಟಿಯ ಆಚೆ ಬದಿಯಿಂದ ಹೆಂಗಸೊಬ್ಬಳು ಬಂದಳು. ನಲವತ್ತು ದಾಟಿದ ವಯಸ್ಸು, ಸೊಂಟದಲ್ಲಿ ಕುಡುಗೋಲು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಸಿದ್ದಮ್ಮ ಎಂದು ಹೆಸರು. ಪಟ್ಟಿಯ ಅರ್ಧದಷ್ಟು, ಎರಡು ಎಕರೆ ಹತ್ತು ಗುಂಟೆಯಲ್ಲಿ, ಹುರುಳಿ ಕೊಯ್ಲಿಗೆ ಬಂದಿತ್ತು. ಅದು ಅವಳದು. ಮಾವನ ಕಾಲದಿಂದ ಉಳುತ್ತಿದ್ದರಂತೆ. ಒಂಬತ್ತನೇ ಯಂತ್ರದ ಗುರುತಿಗೆ ಪ್ರಸಾದ್ ನೆಟ್ಟಿದ್ದ ಕೆಂಪು ಬಾವುಟ ಸರಿಯಾಗಿ ಅವಳ ಹುರುಳಿಯ ನಡುವೆ ಹಾರಾಡುತ್ತಿತ್ತು.

"ಇದು ಸರ್ಕಾರಿ ಜಮೀನು ಕಣಮ್ಮ. ಹಕ್ಕು ಕೇಳಿ ಅರ್ಜಿ ಗಿರ್ಜಿ ಹಾಕಿದ್ದೀಯಾ?" ಎಂದು ನನ್ನ ಮಾಮೂಲಿ ಗತ್ತಿನಲ್ಲಿ ಕೇಳಿದೆ.

ಅವಳು ಕವರಿನಿಂದ ಎರಡು ಕಾಗದ ತೆಗೆದಳು. ಸರ್ಕಾರಿ ಜಮೀನನ್ನು ಬಹಳ ಕಾಲದಿಂದ ಉಳುತ್ತಿದ್ದವರು ಸಕ್ರಮ ಮಾಡಿಕೊಡಿ ಎಂದು ಕೇಳಲು ಫಾರಂ ೫೩ ಎಂಬ ಅರ್ಜಿ ಇತ್ತು. ಅದನ್ನು ಅವಳು ನಮ್ಮಲ್ಲಿಗೆ ಕೊಟ್ಟಿದ್ದಳು. ನಮ್ಮ ತಾಲೂಕಿನದಲ್ಲ ಎಂದು ವಾಪಸು ಬಂದಿತ್ತು. ಬೇಲೂರಿಗೆ ಹೋಗಿ ವಿಚಾರಿಸಿದರೆ ಅವರ ನಕ್ಷೆಯಲ್ಲೂ ಜಮೀನಿಲ್ಲ. ಅರ್ಜಿ ತೆಗೆದುಕೊಳ್ಳಲಾಗದೆಂದು ಬರೆದುಕೊಟ್ಟಿದ್ದರು. ನಾನು ಮೊದಲ ಕಾಗದವನ್ನು ಓದುತ್ತ ಅದರ ಕೊನೆಗೆ ಬಂದೆ. ೨೦೦೦ನೇ ಇಸವಿಯ ಸರ್ವೆ ವರದಿಯ ನಕಲು ಅದು. "ಸ್ಥಳ ಪರಿಶೀಲಿಸಲಾಗಿದೆ. ಸದರಿ ಜಮೀನು ಈ ತಾಲೂಕಿನ ಗಡಿಯೊಳಗೆ ಬರುವುದಿಲ್ಲ." ಅದರ ಕೆಳಗೆ ನನ್ನದೇ ಸಹಿ.

ಸ್ಥಳ ಪರಿಶೀಲಿಸಿರಲಿಲ್ಲ. ಆ ಗುಡ್ಡವನ್ನು ನಾನು ಹತ್ತಿದ್ದು ಅವತ್ತೇ ಮೊದಲು. ವರದಿ ಬರೆದ ಆ ವರ್ಷ ಇಂಥ ಅರ್ಜಿಗಳು ರಾಶಿ ಬಿದ್ದಿದ್ದವು. ಕುರ್ಚಿಯಲ್ಲೇ ಕೂತು ನಕ್ಷೆಯ ಅಂಚು ನೋಡಿ ಬರೆದು ಕೈತೊಳೆದುಕೊಂಡಿದ್ದೆ. ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಆ ಸಹಿ ಯಾರದ್ದೆಂದು ಅವಳಿಗೆ ಗೊತ್ತಿರಲಿಕ್ಕಿಲ್ಲ ಎಂದು ಒಂದು ಕ್ಷಣ ಆಸೆಪಟ್ಟೆ. ಗೊತ್ತಿತ್ತು.

"ನಾನ್ ಕೇಳ್ದಾಗ ಇದು ಯಾರ್ದೂ ಅಲ್ಲ ಅಂದ್ರಿ. ಈಗ ಕಂಪ್ನಿಯೋರು ಕೇಳೋ ಹೊತ್ಗೆ ಸರ್ಕಾರದ್ದು ಹೆಂಗಾಯ್ತು ಸ್ವಾಮಿ?" ಎಂದಳು. ಕೂಗಲಿಲ್ಲ, ಅಳಲಿಲ್ಲ. ಸಂತೆಯಲ್ಲಿ ಬೆಲೆ ಕೇಳಿದಷ್ಟು ಸಲೀಸಾಗಿ ಕೇಳಿದಳು.

ನಾಗರಾಜು ನನ್ನನ್ನು ಪಕ್ಕಕ್ಕೆ ಕರೆದ. ಒಳ್ಳೆಯವನೇ, ನನಗಿಂತ ಚಿಕ್ಕವನು. "ಸಾರ್, ಕಲ್ಲು ಸಿಗಲಿಲ್ಲ ಅಂತ ಬರೆದು ಬೇಲೂರಿಗೆ ಸೇರಿಸ್ಬಿಡೋಣ. ಅಲ್ಲಿ ಈಯಮ್ಮನ ಅರ್ಜಿ ಇಲ್ಲ, ಜಮೀನು ಖಾಲಿ ಅಂತಾಗ್ತದೆ. ಕಂಪ್ನಿ ಕೆಲ್ಸಾನೂ ಆಯ್ತು, ನಿಮ್ಮ ಹಳೇ ವರದೀನೂ ನಿಜವಾಯ್ತು" ಎಂದ. ಅವನ ಮಾತಿನಲ್ಲಿ ಲೆಕ್ಕ ತಪ್ಪಿರಲಿಲ್ಲ. ಬೇಲೂರಿಗೆ ಹೋದರೆ ನಾನು ಬಚಾವು, ಅವಳ ಹೊಲ ಹೋಯಿತು. ಅರಸೀಕೆರೆಗೆ ಬಂದರೆ ಅವಳ ಅರ್ಜಿಗೆ ಜೀವ ಬರುತ್ತದೆ, ನನ್ನ ಸುಳ್ಳು ಹೊರಬರುತ್ತದೆ. ನನಗೆ ಆಸೆ ಆಗಲಿಲ್ಲ ಎಂದರೆ ಅದು ಎರಡನೇ ಸುಳ್ಳಾಗುತ್ತದೆ.

ನಾನು ಸಿದ್ದಮ್ಮನ ಕಡೆ ತಿರುಗಿ, "ಇಲ್ಲೊಂದು ಹಳೇ ಗಡಿಕಲ್ಲು ಇರಬೇಕಲ್ಲಮ್ಮ, ಕಂಡಿದ್ದೀಯಾ?" ಎಂದೆ.

"ಅದನ್ನ ತೋರ್ಸಿದ್ರೆ ನನ್ ಹೊಲ ಉಳೀತದಾ, ಹೋಯ್ತದಾ?"

"ಅದು ಎಲ್ಲಿದೆ ಅನ್ನೋದರ ಮೇಲೆ. ಈಗಲೇ ಹೇಳೋಕೆ ಆಗಲ್ಲ."

ಅವಳು ಕಾಗದಗಳನ್ನು ಕವರಿಗೆ ಹಾಕಿಕೊಂಡಳು. "ಆಗ್ಲಿ ಬನ್ನಿ. ಈ ಸಲ ಕಣ್ಣಾರೆ ನೋಡ್ಕೊಂಡಾದ್ರೂ ಬರೀರಿ" ಎಂದು ಹೊಲದ ಕೆಳಬದುವಿಗೆ ಕರೆದುಕೊಂಡು ಹೋದಳು. ಅಲ್ಲಿ, ಉಳುವಾಗ ಆಯ್ದು ಹಾಕಿದ ಕಲ್ಲುಗಳು ಆಳೆತ್ತರ ಬಿದ್ದಿದ್ದವು. ಎಲ್ಲರೂ ಸೇರಿ ಸರಿಸಿದೆವು, ಪ್ರಸಾದನೂ ಶೂ ಬಿಚ್ಚಿಟ್ಟು ಕೈ ಹಾಕಿದ. ಅಡಿಯಲ್ಲಿ ನೆಟ್ಟಗೆ ಹೂತ ಕಲ್ಲೊಂದು ಸಿಕ್ಕಿತು. ಕಲ್ಲಿನ ತಲೆಯ ಮೇಲೆ ಉಳಿಯಿಂದ ಹೊಡೆದ ಕತ್ತರಿ ಗುರುತು ಇತ್ತು. ನಾನು ಗುರುತೊಂದನ್ನೇ ನಂಬಿ ಕೂರಲಿಲ್ಲ. ಕೆಳಗಿನ ಹಳ್ಳದಲ್ಲಿದ್ದ, ಎರಡೂ ತಾಲೂಕು ಒಪ್ಪಿದ ಗಡಿಕಲ್ಲಿನಿಂದ ಸರಪಳಿ ಎಳೆಸಿದೆ. ಟಿಪ್ಪಣಿಯಲ್ಲಿ ಮೂವತ್ತೊಂದು ಸರಪಳಿ ಆರು ಆಣೆ ಎಂದಿತ್ತು. ನಮಗೆ ಬಂದದ್ದು ಮೂವತ್ತೊಂದು ಸರಪಳಿ ಐದು ಆಣೆ. ಒಂದು ಆಣೆ ಎಂದರೆ ಎರಡೇ ಅಡಿ. ಕಲ್ಲು ಅದೇ, ಇದ್ದದ್ದು ದಕ್ಷಿಣದ ಅಂಚಿನಲ್ಲಿ. ಇಡೀ ಪಟ್ಟಿ ಅರಸೀಕೆರೆಯದು. ಹಿಂದೆ ನಕ್ಷೆ ಬರೆದ ಪುಣ್ಯಾತ್ಮ ಬಂಡೆಸಾಲು ದಾಟಲು ಸೋಮಾರಿತನ ಮಾಡಿರಬೇಕು. ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ.

ವರದಿಯನ್ನು ನಾನೇ ಬರೆದೆ. ಕೊನೆಯಲ್ಲಿ, "೨೦೦೦ನೇ ಸಾಲಿನ ನನ್ನ ವರದಿಯನ್ನು ಸ್ಥಳಕ್ಕೆ ಹೋಗದೆ ಬರೆದಿದ್ದೆ, ಅದು ತಪ್ಪು" ಎಂದು ಸೇರಿಸಿದೆ. ತಹಶೀಲ್ದಾರರು ಆ ಸಾಲಿನ ಮೇಲೆ ಬೆರಳಿಟ್ಟು, "ಇದು ನಿಮ್ಮ ಸರ್ವಿಸ್ ರಿಜಿಸ್ಟರಿಗೆ ಹೋಗುತ್ತೆ ಕಣ್ರೀ, ಯೋಚನೆ ಮಾಡಿದ್ದೀರಾ?" ಎಂದರು. ಮಾಡಿದ್ದೆ. ಎರಡು ದಿನ ಅದನ್ನೇ ಮಾಡಿದ್ದೆ.

೨೦೦೫ರ ಫೆಬ್ರವರಿಯಲ್ಲಿ ಹಾಸನದಲ್ಲಿ ವಿಚಾರಣೆ ನಡೆಯಿತು. ಜಿಲ್ಲಾಧಿಕಾರಿಗಳು ವರದಿ ಓದಿ, "ಈ ಹೆಣ್ಣುಮಗಳ ಅರ್ಜಿ ನಾಲ್ಕು ವರ್ಷ ನಿಲ್ಲೋಕೆ ಯಾರು ಕಾರಣ?" ಎಂದರು. "ನಾನೇ ಸರ್" ಎಂದೆ. ಆಮೇಲೆ ಅವರು ಪ್ರಸಾದನನ್ನು ಕೇಳಿದರು: ಒಂಬತ್ತನೇ ಯಂತ್ರ ಅಲ್ಲೇ ನಿಲ್ಲಬೇಕೇ? ಒಂದನ್ನು ಸರಿಸಿದರೆ ಎಲ್ಲದರ ಲೆಕ್ಕ ಮತ್ತೆ ಹಾಕಬೇಕು ಎಂದು ಅವನು ಮೊದಲು ರಾಗ ಎಳೆದ. ಆದರೆ ಮೂರು ವಾರದಲ್ಲಿ ಲೆಕ್ಕ ಹಾಕಿಸಿಕೊಂಡು ಬಂದ. ಆರು ಸರಪಳಿ ಉತ್ತರಕ್ಕೆ, ಬಂಡೆಸಾಲಿನ ಮೇಲೆ ಯಂತ್ರ ನಿಲ್ಲಬಹುದಿತ್ತು. ಅಲ್ಲಿ ಗಾಳಿ ಸ್ವಲ್ಪ ಹೆಚ್ಚೇ ಸಿಗುತ್ತಿತ್ತು! ಕ್ರೇನಿನ ದಾರಿಯನ್ನೂ ಹೊಲದ ಬದುವಿನಾಚೆಗೆ ತಿರುಗಿಸಿದರು. ಪಟ್ಟಿಗೆ ಹೊಸ ಸರ್ವೆ ನಂಬರು ಬಂತು, ಸಿದ್ದಮ್ಮನ ಅರ್ಜಿ ಸಕ್ರಮ ಸಮಿತಿಯ ಮುಂದೆ ಹೋಯಿತು. ಆ ಮಳೆಗಾಲ ಮುಗಿಯುವುದರೊಳಗೆ ಹದಿನಾಲ್ಕು ಯಂತ್ರಕ್ಕೂ ಮಂಜೂರಾತಿ ಸಿಕ್ಕಿತು. ನನಗೂ ಒಂದು ಆದೇಶ ಬಂತು, ವಾಗ್ದಂಡನೆಯದು. ನ್ಯಾಯವಾಗಿಯೇ ಬಂತು.

೨೦೦೬ರಲ್ಲಿ ಸಿದ್ದಮ್ಮನ ಹೆಸರಿಗೆ ಪಹಣಿ ಬಂದ ದಿನ ಅವಳು ಅದನ್ನು ಹಿಡಿದುಕೊಂಡು ನೇರ ನನ್ನ ಟೇಬಲ್ಲಿನ ಹತ್ತಿರ ಬಂದಳು. ಓದಿ ಹೇಳಿ ಎಂದಳು. ಹೆಸರು, ತಾಲೂಕು, ಎರಡು ಎಕರೆ ಹತ್ತು ಗುಂಟೆ, ಎಲ್ಲವನ್ನೂ ಬೆರಳಿಟ್ಟು ಓದಿದೆ. ಅವಳು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನಿಮ್ ಸೈನ್ ಎಲ್ಲೈತೆ?"

"ಇದಕ್ಕೆ ಸರ್ವೇಯರ್ ಸಹಿ ಬೇಕಾಗಿಲ್ಲಮ್ಮ."

"ತಪ್ಪು ಬರ್ದಿದ್ರಲ್ಲ, ಅದ್ರ ಕೆಳಗೆ ಇತ್ತು. ಸರಿಯಾಗಿರೋದ್ರಾಗೆ ಯಾಕಿಲ್ಲ?"

ಪಕ್ಕದ ಟೇಬಲ್ಲಿನವರು ಗೊಳ್ಳೆಂದು ನಕ್ಕರು. ಅವಳು ತಮಾಷೆಗೆ ಕೇಳಿರಲಿಲ್ಲ. ಉತ್ತರಕ್ಕೆ ನಿಂತೇ ಇದ್ದಳು.

ಆಮೇಲೆ ಒಂಬತ್ತು ವರ್ಷ ಕೆಲಸ ಮಾಡಿದೆ. ಅಷ್ಟರಲ್ಲಿ ನನ್ನ ಕೈಕೆಳಗೆ ಬಂದ ಹೊಸ ಸರ್ವೇಯರುಗಳಿಗೆಲ್ಲ ಅಳತೆಗಿಂತ ಮುಂಚೆ ನಾನು ಕಲಿಸಿದ್ದು ಒಂದೇ ವಿಷಯ: "ಸ್ಥಳ ಪರಿಶೀಲಿಸಲಾಗಿದೆ" ಎಂಬ ಎರಡು ಪದವನ್ನು ಕಚೇರಿಯಲ್ಲಿ ಕೂತು ಬರೆಯಬಾರದು. ಅದನ್ನು ಆ ಜಮೀನಿನ ಮೇಲೆ ನಿಂತುಕೊಂಡು, ಅದನ್ನು ಉಳುವವರ ಎದುರಿಗೇ ಬರೆಯಬೇಕು.