ಹದಿನಾಲ್ಕನೇ ಮಹಡಿಯ ಬಾಣಂತನ

ಹೋದ ವರ್ಷ ಸಿಂಗಪುರದಲ್ಲಿ ಏನೇನು ನಡೆಯಿತು ಎಂದು ಕೇಳಿದರೆ ಸಾಕು, ನಮ್ಮ ಯಜಮಾನರು ದಂಡಿನಶಿವರದ ಮನೆಯ ಜಗಲಿಯ ಮೇಲೆ ಕೂತು ಗಡಗಡ ಒಪ್ಪಿಸಿಬಿಡುತ್ತಾರೆ. ಶಿವರಾತ್ರಿ ಕಳೆದ ಮೇಲೆ ಬಿಡದೆ ಹುಯ್ದ ಮಳೆ, ಬೇಸಿಗೆಯಲ್ಲಿ ಚುನಾವಣೆ, ಆಗಸ್ಟಿನಲ್ಲಿ ದೇಶಕ್ಕೆ ಅರವತ್ತು ತುಂಬಿದ ಸಂಭ್ರಮ, ಆಮೇಲೆ ಊರ ನಡುವಿನ ರಸ್ತೆಯಲ್ಲೇ ದೀಪ ಹಾಕಿಕೊಂಡು ಓಡಿಸುವ ಕಾರಿನ ಪಂದ್ಯ. ಮಗಳನ್ನು ಅಲ್ಲಿಗೆ ಕೊಟ್ಟ ಮೇಲೆ ಆ ದೇಶದ ಸುದ್ದಿಯನ್ನೆಲ್ಲ ಫೋನಿನಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದಾರೆ. ಅವರು ಹೇಳುವುದೆಲ್ಲ ನಿಜವೇ, ನನ್ನ ತಲೆಯಲ್ಲಿ ಮಾತ್ರ ಆ ವರ್ಷ ಬೇರೆ ಥರ ಕೂತಿದೆ.

ಮಳೆ ಎಂದರೆ ನನಗೆ, ಮಗಳು ಫೋನಿನಲ್ಲಿ "ಈ ಸಲ ನಿಂತೈತೆ ಕಣವ್ವ" ಎಂದು ಪಿಸುಗುಟ್ಟಿದ್ದು. ಹಿಂದೆ ಎರಡು ಸಲ ಬಸುರು ನಿಲ್ಲದೆ ಹೋಗಿತ್ತು, ಹಾಗಾಗಿ ಜೋರಾಗಿ ಹೇಳಲು ಅವಳಿಗೂ ಭಯ, ಕೇಳಲು ನನಗೂ ಭಯ. ಚುನಾವಣೆ ಎಂದರೆ, ಅಂದು ರಜೆ ಇದ್ದುದರಿಂದ ಅಳಿಯಂದಿರು ಮನೆಯಲ್ಲೇ ಇದ್ದು ಅವಳಿಗೆ ಸೊಪ್ಪಿನ ಸಾರು ಮಾಡಿಕೊಟ್ಟಿದ್ದು. ಯಾರು ಗೆದ್ದರು ಎಂದು ಯಜಮಾನರು ಹೇಳುತ್ತಿದ್ದರೆ ನಾನು ಸಾರಿಗೆ ಬೇಳೆ ಯಾವುದು ಹಾಕಿದರು ಎಂದು ಕೇಳುತ್ತಿದ್ದೆ.

ಹೆರಿಗೆ ಅಕ್ಟೋಬರಿನಲ್ಲಿ ಎಂದಿದ್ದರು. ಗೌರಿಹಬ್ಬ ಮುಗಿಸಿಕೊಂಡು ನಿಧಾನಕ್ಕೆ ಹೊರಟರಾಯಿತು ಎಂದುಕೊಂಡಿದ್ದೆ. ಆಗಸ್ಟ್ ಹುಟ್ಟುತ್ತಲೇ ಅಳಿಯಂದಿರ ಫೋನ್ ಬಂತು. ಹಡಗು ರಿಪೇರಿ ಮಾಡುವ ಯಾರ್ಡಿನಲ್ಲಿ ಅವರು ಸೂಪರ್‌ವೈಸರು, ಎಂಥ ಮಾತನ್ನೂ ತಣ್ಣಗೆ ಹೇಳುವ ಮನುಷ್ಯ. ಅವತ್ತು ದನಿ ನಡುಗುತ್ತಿತ್ತು.

"ಅತ್ತೆ, ಹೆರಿಗೆ ಆಗೋಯ್ತು. ಹೆಣ್ಣುಮಗು. ಬೋ ಸಣ್ಣದು. ಗಾಜಿನ ಪೆಟ್ಟಿಗೇಲಿ ಇಟ್ಟವ್ರೆ. ನೀವು ಬಂದ್‌ಬುಡಿ."

ಫೋನ್ ಇಟ್ಟವಳೇ ಬಾಣಂತಿಯ ಕೊಬ್ಬರಿಗೆಂದು ಅಟ್ಟ ಹತ್ತಿದೆ. ನಮ್ಮ ಕಡೆ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹಾಗೇ ಬಿಟ್ಟರೆ ಒಳಗೆ ನೀರು ಹಿಂಗಿ ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳ್ಳೆಯವನ್ನೇ ಆರಿಸಿಕೊಂಡೆ. ಗಸಗಸೆ ಮಾತ್ರ ಒಂದು ಕಾಳೂ ತರಬೇಡಿ, ಇಲ್ಲಿ ಅದು ಅಫೀಮಿನ ಲೆಕ್ಕ, ಹಿಡಿದು ಕೂಡಿಹಾಕುತ್ತಾರೆ ಎಂದು ಅಳಿಯಂದಿರು ಮೊದಲೇ ಎಚ್ಚರಿಸಿದ್ದರು. ಬಾಣಂತಿಗೆ ಗಸಗಸೆ ಕೊಡದ ದೇಶ ಅದೆಂಥದ್ದು ಎಂದು ಬೈದುಕೊಂಡೇ ವಿಮಾನ ಹತ್ತಿದೆ.

ಆಸ್ಪತ್ರೆಯಲ್ಲಿ ಮೊಮ್ಮಗಳನ್ನು ನೋಡಿದೆ. ಒಂದು ಎಳನೀರಿಗಿಂತ ಹಗುರವಿರಬೇಕು. ಮೂಗಿನಲ್ಲಿ ದಾರದಂಥ ನಳಿಗೆ, ಹಾಲು ಹೋಗುವುದು ಅದರಲ್ಲೇ. ಡಾಕ್ಟರಮ್ಮ ಮಗಳಿಗೆ ಹೇಳಿದ್ದು ಇಷ್ಟು: ಮಗು ತಾನಾಗಿ ಬಾಯಿಂದ ಹಾಲು ಎಳೆದು ಕುಡಿಯುವುದನ್ನು ಕಲಿತ ದಿನ ನಳಿಗೆ ತೆಗೆಯುತ್ತೇವೆ, ಮನೆಗೆ ಕಳಿಸುತ್ತೇವೆ. ಅಲ್ಲಿಯವರೆಗೆ ತಾಯಿಯ ಹಾಲನ್ನೇ ತಂದುಕೊಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಮಗುವನ್ನು ಅಲ್ಲೇ ಇಟ್ಟುಕೊಂಡು ಮಗಳನ್ನು ಮನೆಗೆ ಕಳಿಸಿದ್ದರು, ಅವಳಿಗೆ ಹಾಲೇ ಸರಿಯಾಗಿ ಇಳಿದಿರಲಿಲ್ಲ. ಮೆಷಿನ್ ಇಟ್ಟುಕೊಂಡು ಹಿಂಡಿದರೆ ಬಾಟಲಿಯ ತಳ ನೆನೆಯುತ್ತಿತ್ತು, ಅಷ್ಟೇ. ಅವಳು ಆ ಬಾಟಲಿ ಹಿಡಿದುಕೊಂಡು ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಊಟ ಬೇಡ, ಮಾತು ಬೇಡ.

ನಾನು ಹೋಗಿ ಮೂರ್ನಾಲ್ಕು ದಿನಕ್ಕೆ ದೇಶದ ಹುಟ್ಟುಹಬ್ಬ ಬಂತು. ಎದುರಿನ ಮಹಡಿಗಳ ತುಂಬ ಕೆಂಪು ಬಿಳಿ ಬಾವುಟ. ವಿಮಾನಗಳು ಸಾಲುಗಟ್ಟಿ ಗುಡುಗಿಕೊಂಡು ಹೋದವು, ಕಿಟಕಿಗಳು ಅದುರಿದವು. ಮಗಳು ತಲೆ ಎತ್ತಿಯೂ ನೋಡಲಿಲ್ಲ. ನನಗೆ ಸಂಕಟದ ಜೊತೆ ಸಿಟ್ಟೂ ಬಂತು. ಇವಳಿಗೆ ಮೈ ಕಾಯಿಸಿಲ್ಲ, ಅದಕ್ಕೇ ಹಾಲಿಲ್ಲ ಎಂದು ತೀರ್ಮಾನಿಸಿಬಿಟ್ಟೆ. ನಮ್ಮಲ್ಲಿ ಬಾಣಂತಿಗೆ ಸುಡುಸುಡು ನೀರು ಹುಯ್ದ ಮೇಲೆ ಚಿಪ್ಪಿನ ಕೆಂಡಕ್ಕೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಕೂದಲಿಗೂ ಬೆನ್ನಿಗೂ ಹೊಗೆ ಕೊಡುತ್ತೇವೆ. ಅಳಿಯಂದಿರು ಔಷಧಿ ತರಲು ಹೋಗಿದ್ದರು. ಅಡುಗೆಗೆ ಒಡೆದ ಕಾಯಿಗಳ ಚಿಪ್ಪು ಕೂಡಿಟ್ಟಿದ್ದೆ. ಮಗಳಿಗೆ ನೀರು ಹುಯ್ದು ಕೂರಿಸಿ, ಬಟ್ಟೆ ಒಣಹಾಕುವ ಕಟ್ಟೆಯ ಮೇಲೆ ಕಬ್ಬಿಣದ ಬಾಣಲೆ ಇಟ್ಟು ಅಷ್ಟಕ್ಕೂ ಬೆಂಕಿ ಹಚ್ಚಿದೆ.

ಊರಲ್ಲಾದರೆ ಹಿತ್ತಲಲ್ಲಿ ಹಚ್ಚಿ, ಹೊಗೆಯೆಲ್ಲ ಹೋಗಿ ಕೆಂಡವಾದ ಮೇಲೆ ಒಳಗೆ ತರುತ್ತೇವೆ. ಹದಿನಾಲ್ಕನೇ ಮಹಡಿಯಲ್ಲಿ ಹಿತ್ತಲೆಲ್ಲಿ ಬರಬೇಕು? ಹಸಿ ಚಿಪ್ಪು ಬೇರೆ, ಕರ್ರಗೆ ಹೊಗೆ ಎದ್ದು ಮೇಲಿನವರ ಕಿಟಕಿಗೂ ಪಕ್ಕದವರ ಕಿಟಕಿಗೂ ನುಗ್ಗಿತು. ನಾನು ಬೀಸಣಿಗೆ ಬೀಸುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಬಾಗಿಲು ಧಡಧಡ ಬಡಿದರು. ತೆಗೆದರೆ, ಹೆಲ್ಮೆಟ್ ಹಾಕಿದ ಅಗ್ನಿಶಾಮಕದವರು.

ದೇಶದ ಹುಟ್ಟುಹಬ್ಬದ ದಿನ ಅವರನ್ನು ಹಾಗೆ ಓಡಿಸಿದವಳು ನಾನು. ಅವರಲ್ಲಿ ಹಿರಿಯನೊಬ್ಬ ಬಾಣಲೆ ನೋಡಿದ, ಒದ್ದೆ ಕೂದಲಿನ ಮಗಳನ್ನು ನೋಡಿದ, ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಬೈಯಲಿಲ್ಲ. ಮನೆಯೊಳಗೆ ಹೀಗೆ ಬೆಂಕಿ ಹಾಕಬಾರದು ಎಂದ, ನೀರು ಹುಯ್ದು ಆರಿಸಿದ, ಮಗು ಬೇಗ ಮನೆಗೆ ಬರಲಿ ಎಂದು ಹೇಳಿ ಹೋದ. ಆ ಮನುಷ್ಯನನ್ನು ನೆನೆದರೆ ಇವತ್ತಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಫೋನ್ ಮಾಡಿ ಕರೆಸಿದ್ದು ಪಕ್ಕದ ಮನೆಯ ಚೀನೀ ಅಜ್ಜಿ ಎಂದು ಗೊತ್ತಾಯಿತು. ಅವಳ ಮೇಲೆ ಕೆಂಡದಂಥ ಕೋಪ ಬಂತು. ಊರಿಗೆ ಫೋನ್ ಮಾಡಿ ಯಜಮಾನರ ಹತ್ತಿರ ತೋಡಿಕೊಂಡರೆ ಅವರು ನಗಬೇಕೆ.

"ಅಲ್ಲಿ ಪಟಾಕಿ ಸಾಲದು ಅಂತ ನೀನೂ ಹಚ್ಚುದ್ಯೇನೇ?"

"ಸುಮ್ನಿರ್ರೀ, ನಂಗೆ ಹೊಟ್ಟೆ ಉರೀತೈತೆ. ಬಾಗ್ಲು ತಟ್ಟಿ ಒಂದ್ಮಾತು ಕೇಳಕ್ಕಾಗ್ತಿರ್ಲಿಲ್ವ ಆ ಯಮ್ಮಂಗೆ?"

"ಹೊಗೆ ಕಂಡೋರು ಇನ್ನೇನ್ ಮಾಡ್ತಾರೆ ಬುಡು. ಮಗಳಿಗೆ ಉಣ್ಣಕ್ಕಿಕ್ಕು ಮೊದ್ಲು" ಎಂದರು. ನಾನು ಫೋನ್ ಇಟ್ಟುಬಿಟ್ಟೆ.

ಎರಡು ದಿನ ಬಿಟ್ಟು ಆ ಅಜ್ಜಿಯೇ ಬಾಗಿಲಿಗೆ ಬಂದಳು, ಕೈಯಲ್ಲಿ ಮುಚ್ಚಿದ ಪಾತ್ರೆ. ಮಗು ಆಸ್ಪತ್ರೆಯಲ್ಲಿದೆಯಂತೆ, ಇದು ಹಾಲಿಗೆ ಒಳ್ಳೆಯದು ಎಂದು ಮಗಳಿಗೆ ತಿಳಿಯುವಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ಮುಚ್ಚಳ ತೆಗೆದರೆ ಪರಂಗಿಕಾಯಿಯ ಸಾರು, ಅದರಲ್ಲಿ ಮೀನು. ನಾವು ಲಿಂಗ ಕಟ್ಟಿದವರು, ಮೀನು ಮುಟ್ಟುವುದಿಲ್ಲ. ಇನ್ನು ಪರಂಗಿ ನಮ್ಮ ಕಡೆ ಬಸುರಿ ಬಾಣಂತಿಯರ ಹತ್ತಿರಕ್ಕೂ ಬಿಡುವುದಿಲ್ಲ. ನನ್ನ ಮುಖ ಹೇಗಾಗಿತ್ತೋ ಏನೋ, ಮಗಳು ಮೆಲ್ಲಗೆ ವಿಷಯ ಹೇಳಿದಳು. ಅಜ್ಜಿ ಬೇಸರ ಮಾಡಿಕೊಳ್ಳದೆ ಪಾತ್ರೆ ಎತ್ತಿಕೊಂಡು ಹೋದಳು. ಮಾರನೆಯ ದಿನ ಮತ್ತೆ ಬಂದಳು. ಹೊಸ ಪಾತ್ರೆ, ಪರಂಗಿಕಾಯಿ, ಮೀನಿನ ಬದಲು ಕಡಲೆಕಾಯಿಬೀಜ.

ನಾನು ಬೇಡ ಎನ್ನುವಷ್ಟರಲ್ಲಿ ಮಗಳು ಬಟ್ಟಲು ತಂದುಕೊಂಡಳು.

"ಪರಂಗಿ ಕಣೇ ಅದು" ಎಂದೆ.

"ಇರ್ಲಿ ಬುಡವ್ವ. ಹೊಸ ಪಾತ್ರೇಲಿ ಮಾಡ್ಕೊಂಡ್ ಬಂದವ್ರೆ" ಎಂದು ಅಷ್ಟನ್ನೂ ಕುಡಿದಳು. ಬಾಣಂತಿಯಾದ ಮೇಲೆ ಅವಳು ಬಟ್ಟಲು ಖಾಲಿ ಮಾಡಿದ್ದು ಅದೇ ಮೊದಲು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಅಂದಿನಿಂದ ಬೆಳಿಗ್ಗೆ ನನ್ನ ಕೊಬ್ಬರಿ ಬೆಲ್ಲ ಬೆಳ್ಳುಳ್ಳಿ, ಮಧ್ಯಾಹ್ನ ಅಜ್ಜಿಯ ಸಾರು. ಅಜ್ಜಿಗೂ ಒಂದು ಉಂಡೆ ಕೊಬ್ಬರಿ ಕೊಟ್ಟೆ. ಅದನ್ನು ಹೇಗೆ ತಿನ್ನಬೇಕೆಂದು ತೋರಿಸಿಕೊಡಲು ನಾನೇ ಕತ್ತರಿಸಬೇಕಾಯಿತು. ನಮ್ಮಿಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ಕೂತು ಹರಟುತ್ತಿದ್ದೆವು.

ಹಾಲು ಇಳಿಯಿತು. ಕೊಬ್ಬರಿಯಿಂದಲೋ, ಪರಂಗಿಯಿಂದಲೋ, ಎರಡು ಕೈ ಸೇರಿ ಉಪಚಾರ ಮಾಡಿದ್ದರಿಂದಲೋ, ಶಿವನಿಗೇ ಗೊತ್ತು. ಅಳಿಯಂದಿರು ಬಾಟಲಿಗಳನ್ನು ಐಸಿನ ಚೀಲದಲ್ಲಿಟ್ಟುಕೊಂಡು ಆಸ್ಪತ್ರೆಗೆ ಓಡುತ್ತಿದ್ದರು. ಮಗು ಮೈ ಕೈ ತುಂಬಿಕೊಂಡಿತು, ಗಾಜಿನ ಪೆಟ್ಟಿಗೆಯಿಂದ ತೊಟ್ಟಿಲಿಗೆ ಬಂತು. ಆದರೆ ಎದೆಗೆ ಹಾಕಿಕೊಂಡರೆ ಎರಡು ಸಲ ಚೀಪಿ ಸುಸ್ತಾಗಿ ನಿದ್ದೆ ಹೋಗಿಬಿಡುತ್ತಿತ್ತು. ಮೂಗಿನ ನಳಿಗೆ ಹಾಗೇ ಇತ್ತು. ಸೆಪ್ಟೆಂಬರ್ ಪೂರ್ತಿ ಹೀಗೇ ಹೋಯಿತು. ನನ್ನ ವೀಸಾ ಮುಗಿಯುತ್ತಾ ಬಂದಿತ್ತು. ನಳಿಗೆಯ ಮಗುವನ್ನು ಬಿಟ್ಟು ಊರಿಗೆ ಹೇಗೆ ಹೋಗಲಿ ಎಂದು ನನಗೆ ಅನ್ನ ಇಳಿಯದಾಯಿತು.

ಕಾರಿನ ಪಂದ್ಯಕ್ಕೆಂದು ರಸ್ತೆಗಳನ್ನು ಮುಚ್ಚಿದ್ದ ದಿನ, ಟ್ಯಾಕ್ಸಿಯವನು ಎಲ್ಲೆಲ್ಲೋ ಸುತ್ತಿಸಿ ಆಸ್ಪತ್ರೆ ತಲುಪಿಸಿದ. ತಡವಾಗಿದ್ದಕ್ಕೆ ಮಗು ಹಸಿದು ಅಳುತ್ತಿತ್ತು. ಅಷ್ಟು ಜೋರಾಗಿ ಅತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನರ್ಸಮ್ಮ ನಳಿಗೆಗೆ ಹಾಲು ಹಾಕದೆ ಮಗುವನ್ನು ನೇರ ಮಗಳ ಕೈಗಿತ್ತು, ತಲೆಯ ಹಿಂದೆ ಕೈ ಕೊಟ್ಟು ಎದೆಗೆ ಹಿಡಿಸಿದರು. ನಾನು ಪರದೆಯ ಪಕ್ಕ ನಿಂತಿದ್ದೆ. ಅಳು ನಿಂತಿತು. ಗುಟುಕ್ ಎಂದು ಸದ್ದು. ಮತ್ತೆ, ಮತ್ತೆ. ಈಗ ನಿದ್ದೆ ಹೋಗುತ್ತದೆ ಎಂದು ನಾನು ನೋಡುತ್ತಲೇ ಇದ್ದೆ. ಹೋಗಲಿಲ್ಲ.

ಮಗಳ ಮುಖ ಕಿವುಚಿಕೊಂಡಿತು. ಕಣ್ಣಲ್ಲಿ ನೀರು.

"ಅವ್ವ, ನೋಯ್ತೈತೆ ಕಣವ್ವ" ಎಂದಳು. "ಎಷ್ಟು ಜೋರಾಗಿ ಎಳೀತಾಳೆ ನೋಡು."

"ಎಳೀಲಿ ಬುಡು ಮಗಳೇ" ಎಂದೆ. "ಎಳೀಲಿ."